ಉತ್ತರಿಸುವವರ ಭಾಷೆ ನಮಗೆ ಬಾರದಿದ್ದರೆ, ದುಭಾಷಿಯ ಮೂಲಕ ಸಮೀಕ್ಷೆಯ ಸಂದರ್ಶನ ಮಾಡಬಹುದೇ?

ಮಾಡಬಹುದು, ಆದರೆ ಅದು ಕೊನೆಯ ದಾರಿಯಾಗಿರಲಿ. ಆ ಭಾಷೆಯವರು ಜಾಸ್ತಿ ಇದ್ದರೆ ಪ್ರಶ್ನಾವಳಿಯನ್ನೇ ಮೊದಲು ಅನುವಾದ ಮಾಡಿಸಿ, ಎರಡೂ ಭಾಷೆ ಬಲ್ಲ ಸಂದರ್ಶಕರನ್ನು ಕಳಿಸಿ. ಯುರೋಪಿನ ಹಲವು ದೇಶಗಳಲ್ಲಿ ನಡೆಯುವ ಯುರೋಪಿಯನ್ ಸೋಶಿಯಲ್ ಸರ್ವೆ ಎಂಬ ಸಮೀಕ್ಷೆಯಲ್ಲಿ, ಒಂದು ಭಾಷೆ ದೇಶದ ಶೇ. 5ರಷ್ಟು ಅಥವಾ ಹೆಚ್ಚು ಜನರ ಮೊದಲ ಭಾಷೆಯಾಗಿದ್ದರೆ ಪ್ರಶ್ನಾವಳಿ ಆ ಭಾಷೆಯಲ್ಲೂ ಇರಬೇಕು ಎಂಬ ನಿಯಮವಿದೆ.

ಸಮೀಕ್ಷೆಯ ಜೀವಾಳವೇ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವುದು, ಅಲ್ವಾ? ದುಭಾಷಿ ಸ್ಥಳದಲ್ಲೇ ಅನುವಾದ ಮಾಡುವಾಗ ಪ್ರಶ್ನೆ ಪ್ರತಿ ಸಲ ಸ್ವಲ್ಪ ಬದಲಾಗುತ್ತದೆ. 'ಪೂರ್ತಿ ಒಪ್ಪುತ್ತೇನೆ', 'ಸ್ವಲ್ಪ ಒಪ್ಪುತ್ತೇನೆ' ಎಂಬ ಆಯ್ಕೆಗಳೆಲ್ಲ ಬರೀ 'ಹೌದು' ಆಗಿಬಿಡಬಹುದು. ಉದ್ದದ ಉತ್ತರ ಎರಡು ಮಾತಿಗೆ ಇಳಿಯಬಹುದು.

ಮನೆಯವರನ್ನು, ಅದರಲ್ಲೂ ಮಕ್ಕಳನ್ನು, ದುಭಾಷಿಯಾಗಿ ಕೂರಿಸಲೇಬೇಡಿ. ಗಂಡನೇ ದುಭಾಷಿಯಾದರೆ ಹೆಂಡತಿ ಮನೆಯ ಜಗಳದ ಬಗ್ಗೆ ಬಾಯಿ ಬಿಡುತ್ತಾಳಾ? ಅಕ್ಕಪಕ್ಕದವರೂ ಬೇಡ.

ಬೇರೆ ದಾರಿಯೇ ಇಲ್ಲದಿದ್ದರೆ ದುಭಾಷಿಗೆ ಪ್ರಶ್ನೆಗಳನ್ನು ಮುಂಚೆಯೇ ಕೊಟ್ಟು ಅಭ್ಯಾಸ ಮಾಡಿಸಿ. ಗುಟ್ಟು ಕಾಪಾಡುವುದಾಗಿ ಬರೆಸಿಕೊಳ್ಳಿ. ಮಾತಾಡುವಾಗ ಉತ್ತರಿಸುವವರನ್ನೇ ನೋಡಿ, ದುಭಾಷಿಯನ್ನಲ್ಲ. ಸಮಯ ಜಾಸ್ತಿ ಹಿಡಿಯುತ್ತದೆ. ದುಭಾಷಿ ಬಳಸಿದ ಸಂದರ್ಶನಗಳಿಗೆ ದಾಖಲೆಯಲ್ಲಿ ಗುರುತು ಹಾಕಿ, ಇಲ್ಲದಿದ್ದರೆ ಉತ್ತರಗಳಲ್ಲಿ ವ್ಯತ್ಯಾಸ ಕಂಡಾಗ ಕಾರಣ ಪತ್ತೆಯಾಗುವುದಿಲ್ಲ.