ಡಿಶ್‌ನಲ್ಲಿ ಗೆದ್ದ ವಿಧಾನ ಸ್ನಾಯುವಿನಲ್ಲೂ ಗೆಲ್ಲುತ್ತದಾ?

ನಿಮ್ಮ ಪ್ರಶ್ನೆ ಇದು: ಲ್ಯಾಬ್‌ನ ಡಿಶ್‌ನಲ್ಲಿ ಬೆಳೆಸುವ ಇಲಿಯ ಸಿ2ಸಿ12 ಸ್ನಾಯುಕೋಶಗಳಲ್ಲಿ, ಜೀನ್ ಸಾಗಿಸುವ ವಿಧಾನಗಳಾದ ಲಿಪಿಡ್ ರಿಯೇಜೆಂಟ್ (ಡಿಎನ್‌ಎಯನ್ನು ಕೊಬ್ಬಿನಲ್ಲಿ ಸುತ್ತಿ ಕೊಡುವುದು), ಎಲೆಕ್ಟ್ರೋಪೊರೇಷನ್ (ವಿದ್ಯುತ್ ಹಾಯಿಸಿ ಕೋಶದ ಪೊರೆ ತೆರೆಯುವುದು), ಎಎವಿ ವೈರಸ್ (ಜೀನ್ ಹೊತ್ತೊಯ್ಯುವ ವೈರಸ್) ಮೂರನ್ನೂ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಜೀನ್ ಹಾಕಿ ಹೋಲಿಸಿದರೆ, ಅದರಲ್ಲಿ ಗೆದ್ದದ್ದು ಪ್ರಾಣಿಯಲ್ಲೂ ಗೆಲ್ಲುತ್ತದಾ?

ಹಾಗಂತ ನಂಬಿಕೊಳ್ಳಬೇಡಿ. 1990ರಲ್ಲಿ ಜಾನ್ ವುಲ್ಫ್ ಅವರ ತಂಡ ಇಲಿಯ ಸ್ನಾಯುವಿಗೆ ಬರೀ ಪ್ಲಾಸ್ಮಿಡ್ (ಉಂಗುರದಂಥ) ಡಿಎನ್‌ಎ ಚುಚ್ಚಿತು. ಲಿಪಿಡ್ ಇಲ್ಲ, ವೈರಸ್ ಇಲ್ಲ. ಆದರೂ ಜೀನ್ ಕೆಲಸ ಮಾಡಿತು! ಅದೇ ಡಿಎನ್‌ಎಯನ್ನು ಸುಮ್ನೆ ಡಿಶ್‌ನ ಕೋಶಗಳ ಮೇಲೆ ಹಾಕಿದರೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಎಎವಿಯ ಒಂದು ಬಗೆಯಾದ ಎಎವಿ9 ಕೂಡ ಹಾಗೇ. ಇಲಿಯ ಸ್ನಾಯುವಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಸಿ2ಸಿ12ಗೆ ಸರಿಯಾಗಿ ಹೊಕ್ಕುವುದೇ ಇಲ್ಲ. ಲಿಪಿಡ್‌ನದು ಉಲ್ಟಾ: ಡಿಶ್‌ನಲ್ಲಿ ಜೋರು, ಸ್ನಾಯುವಿನೊಳಗೆ ಸಪ್ಪೆ.

ನೀವು ಯಾವ ಹಂತದ ಕೋಶದಲ್ಲಿ ಪರೀಕ್ಷೆ ಮಾಡುತ್ತೀರಿ ಅನ್ನುವುದೂ ಮುಖ್ಯ. ಮಯೋಬ್ಲಾಸ್ಟ್ (ಎಳೆಯ ಸ್ನಾಯುಕೋಶ) ವಿಭಜನೆಯಾಗುತ್ತಲೇ ಇರುತ್ತದೆ. ಆಗ ನ್ಯೂಕ್ಲಿಯಸ್‌ನ ಪೊರೆ ಕಳಚುತ್ತದೆ, ಪ್ಲಾಸ್ಮಿಡ್ ಒಳಗೆ ಸೇರಿಕೊಳ್ಳುತ್ತದೆ. ಬೆಳೆದ ಸ್ನಾಯುನಾರಿಗೆ ಈ ಅವಕಾಶವೇ ಇಲ್ಲ. ಹಾಗಾಗಿ ಮಯೋಬ್ಲಾಸ್ಟ್‌ಗಳು ಬೆಸೆದು ಆಗುವ ಮಯೋಟ್ಯೂಬ್‌ನಲ್ಲೂ ನೋಡಲೇಬೇಕು. ಕೋಶಗಳು ಡಿಶ್ ತುಂಬುತ್ತಾ ಬಂದಾಗ ಮೀಡಿಯಾವನ್ನು (ಕೋಶ ಬೆಳೆಸುವ ದ್ರವ) ಶೇ 2ರ ಕುದುರೆ ಸೀರಮ್ ಇರುವುದಕ್ಕೆ ಬದಲಾಯಿಸಿ. ನಾಲ್ಕೈದು ದಿನದಲ್ಲಿ ಕೋಶಗಳು ಒಂದಕ್ಕೊಂದು ಬೆಸೆದು ಉದ್ದನೆಯ ಟ್ಯೂಬ್ ಆಗುತ್ತವೆ. ಅವು ಬೇಗ ಕಿತ್ತುಬರುತ್ತವೆ, ಮೀಡಿಯಾ ಬದಲಿಸುವಾಗ ನಿಧಾನ. ಸ್ಟಾಕ್‌ಗೆ ಇಟ್ಟ ಕೋಶಗಳನ್ನು ಮಾತ್ರ ಅಷ್ಟು ತುಂಬಲು ಬಿಡಬೇಡಿ, ಬೆಸೆಯುವ ಗುಣವೇ ಕಡಿಮೆಯಾಗುತ್ತದೆ.

ಜಿಎಫ್‌ಪಿ ಎಣಿಸುವಾಗ ಜಾಸ್ತಿ ಎಚ್ಚರ ಬೇಕು. ಜೀನ್ ಸಿಕ್ಕ ಒಂದೇ ಮಯೋಬ್ಲಾಸ್ಟ್ ಪಕ್ಕದವುಗಳ ಜೊತೆ ಬೆಸೆದರೂ ಸಾಕು, ಪ್ರೋಟೀನ್ ಹರಡಿ ಟ್ಯೂಬ್ ಪೂರ್ತಿ ಹಸಿರಾಗುತ್ತದೆ. ಹತ್ತಾರು ನ್ಯೂಕ್ಲಿಯಸ್‌ಗಳಿಗೂ ಜೀನ್ ತಲುಪಿದೆ ಅಂದುಕೊಂಡುಬಿಡುತ್ತೇವೆ, ಅಲ್ವಾ? ಅದಕ್ಕೇ ಟ್ಯೂಬ್ ಆದ ಮೇಲೆಯೇ ಡಿಎನ್‌ಎ ಕೊಡಿ. ಜಿಎಫ್‌ಪಿ ಬದಲು ಲೂಸಿಫರೇಸ್ (ಬೆಳಕು ಕೊಡುವ ಕಿಣ್ವ) ಅಳೆದು ಒಟ್ಟು ಪ್ರೋಟೀನ್‌ಗೆ ಭಾಗಿಸಿ. ಸತ್ತ ಕೋಶಗಳ ಲೆಕ್ಕವನ್ನೂ ಇಡಿ, ಏಕೆಂದರೆ ಎಲೆಕ್ಟ್ರೋಪೊರೇಷನ್‌ನಲ್ಲಿ ಬದುಕಿದವನ್ನಷ್ಟೇ ಎಣಿಸಿದರೆ ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಇಷ್ಟೆಲ್ಲ ಹೇಳಿದರೂ ಈ ಕೋಶಗಳನ್ನು ಕೈಬಿಡಿ ಅನ್ನುತ್ತಿಲ್ಲ. ಜೀನ್ ಕಟ್ಟಿದ್ದು ಸರಿಯಿದೆಯಾ, ಪ್ರೊಮೋಟರ್ (ಜೀನ್ ಶುರು ಮಾಡುವ ಸ್ವಿಚ್) ಸ್ನಾಯುವಿನಲ್ಲಿ ಮಾತ್ರ ಓಡುತ್ತದಾ ಅಂತ ನೋಡಲು ಇವು ತುಂಬಾ ಒಳ್ಳೆಯವು. ಉದಾಹರಣೆಗೆ ಮಸಲ್ ಕ್ರಿಯಾಟಿನ್ ಕೈನೇಸ್ ಪ್ರೊಮೋಟರ್ ಮಯೋಬ್ಲಾಸ್ಟ್‌ನಲ್ಲಿ ಸುಮ್ಮನಿದ್ದು, ಟ್ಯೂಬ್ ಆಗುವಾಗ ಚುರುಕಾಗುತ್ತದೆ. ಇದನ್ನೆಲ್ಲ ಡಿಶ್‌ನಲ್ಲೇ ಮುಗಿಸಿ. ಸಾಗಿಸುವ ವಿಧಾನಗಳಲ್ಲಿ ಯಾವುದು ಮೇಲು ಅನ್ನುವುದನ್ನು ಇಲಿಯ ಸ್ನಾಯುವಿನಲ್ಲಿ ನೋಡಿಯೇ ಬರೆಯಿರಿ.