ಶಾಸಕರ ಸಂಬಳ ನಿಗದಿ ಮಾಡಬೇಕಾದವರು ಯಾರು?

ಶಾಸಕರ ಸಂಬಳ ಏರಿದಾಗಲೆಲ್ಲ ನನಗೆ ಅವೇ ಪ್ರಶ್ನೆಗಳು ಬರುತ್ತವೆ. ಹೆಚ್ಚಿನವು ವಾಟ್ಸ್ಆ್ಯಪ್ ಸುಳ್ಳುಗಳನ್ನು ನಂಬಿ ಕೇಳಿದಂಥವು. ಒಂದು ಪ್ರಶ್ನೆ ಮಾತ್ರ ನಿಜಕ್ಕೂ ಮುಖ್ಯವಾದದ್ದು. ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಶಾಸಕರು ತಮ್ಮ ಸಂಬಳವನ್ನು ತಾವೇ ಏರಿಸಿಕೊಳ್ಳುವ ಬದಲು ಸ್ವತಂತ್ರ ಆಯೋಗ ಅದನ್ನು ನಿಗದಿ ಮಾಡಬಹುದಲ್ವಾ? ಅದಕ್ಕೆ ಸಂವಿಧಾನ ತಿದ್ದಬೇಕಾ?

ಮಾಡಬಹುದು. ಮಾಡಲೇಬೇಕು. ನಮ್ಮ ಕರ್ನಾಟಕದಲ್ಲಿ ಈಗ ನಡೆಯುತ್ತಿರುವುದನ್ನು ನೋಡಿ. 2022ರ ಫೆಬ್ರುವರಿಯಲ್ಲಿ ಶಾಸಕರ ಮೂಲ ಸಂಬಳ 25,000ದಿಂದ 40,000 ರೂಪಾಯಿಗೆ ಏರಿತು. 2025ರ ಮಾರ್ಚ್‌ನಲ್ಲಿ ಅದು 80,000 ಆಯಿತು. ಮುಖ್ಯಮಂತ್ರಿಯ ಸಂಬಳ 75,000ದಿಂದ ಒಂದೂವರೆ ಲಕ್ಷಕ್ಕೆ ಹೋಯಿತು. ಮೊದಲ ಸಲ ಬಿಜೆಪಿ ಸರ್ಕಾರ, ಎರಡನೇ ಸಲ ಕಾಂಗ್ರೆಸ್ ಸರ್ಕಾರ. ಎರಡು ಸಲವೂ ಸದನದಲ್ಲಿ ಬೇರೆ ವಿಷಯಕ್ಕೆ ಗದ್ದಲ ನಡೆಯುತ್ತಿತ್ತು. ಚರ್ಚೆಯೇ ಇಲ್ಲದೆ ಮಸೂದೆಗಳು ಪಾಸಾದವು.

ಅದೇ ಸರ್ಕಾರಿ ನೌಕರರ ವಿಷಯ ಬಂದರೆ? ಏಳನೇ ವೇತನ ಆಯೋಗ 2022ರ ನವೆಂಬರ್‌ನಲ್ಲಿ ರಚನೆಯಾಯಿತು. ವರದಿ ಬಂದದ್ದು 2024ರ ಮಾರ್ಚ್‌ನಲ್ಲಿ, ಹೊಸ ಸಂಬಳ ಜಾರಿಯಾದದ್ದು ಆಗಸ್ಟ್‌ನಲ್ಲಿ. ಗ್ರಾಮ ಪಂಚಾಯಿತಿ ಸದಸ್ಯರೂ ಜನ ಆರಿಸಿದವರೇ. ಆದರೂ ತಮ್ಮ ಗೌರವಧನವನ್ನು ಅವರು ತಾವೇ ಏರಿಸಿಕೊಳ್ಳುವಂತಿಲ್ಲ. ಅದನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ. ಶಾಸಕರಿಗೆ ಮಾತ್ರ ಈ ಸವಲತ್ತು ಯಾಕೆ?

80,000 ಜಾಸ್ತಿಯೋ ಕಡಿಮೆಯೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಅಷ್ಟೇ ಏಕೆ, ಇಷ್ಟೇ ಏಕೆ ಎಂದು ಯಾರೂ ಬರೆದಿಟ್ಟಿಲ್ಲ ಎನ್ನುವುದೇ ನನ್ನ ತಕರಾರು.

ಬ್ರಿಟನ್ನಿನ ಉದಾಹರಣೆ ನೋಡೋಣ. 2009ರಲ್ಲಿ ಅಲ್ಲಿನ ಸಂಸದರ ಖರ್ಚಿನ ಬಿಲ್‌ಗಳು ಪತ್ರಿಕೆಯಲ್ಲಿ ಬಯಲಾದವು. ಮನೆಯ ಸುತ್ತಲಿನ ಕಂದಕ ಶುಚಿ ಮಾಡಿಸಿದ್ದಕ್ಕೂ ಬಿಲ್ ಕೊಟ್ಟವರಿದ್ದರು. ಸ್ಪೀಕರ್ ರಾಜೀನಾಮೆ ಕೊಡಬೇಕಾಯಿತು. ಅದೇ ವರ್ಷ ಕಾನೂನು ಮಾಡಿ ಇಪ್ಸಾ ಎಂಬ ಸ್ವತಂತ್ರ ಸಂಸ್ಥೆ ಕಟ್ಟಿದರು. ಮೊದಲು ಖರ್ಚುವೆಚ್ಚ, ಆಮೇಲೆ ಸಂಬಳ, ಪಿಂಚಣಿ ಎಲ್ಲವೂ ಅದರ ಕೈಗೆ ಹೋದವು. ಅದರ ಮಂಡಳಿಯಲ್ಲಿ ಉನ್ನತ ನ್ಯಾಯಾಧೀಶರಾಗಿದ್ದವರೊಬ್ಬರು, ಆಡಿಟರ್ ಒಬ್ಬರು, ಮಾಜಿ ಸಂಸದರೊಬ್ಬರು ಇರಲೇಬೇಕು. ಹಾಲಿ ಸಂಸದರಿಗೆ ಜಾಗವಿಲ್ಲ.

ಆಯೋಗ ಬಂದರೆ ಸಂಬಳ ಇಳಿಯುತ್ತದೆ ಎಂದು ಕಾದು ಕೂತವರು ಮುಂದಿನದನ್ನು ಗಮನಿಸಿ. 2015ರಲ್ಲಿ ಇಪ್ಸಾ ಸಂಸದರ ವಾರ್ಷಿಕ ಸಂಬಳವನ್ನು 67,060 ಪೌಂಡ್‌ನಿಂದ 74,000ಕ್ಕೆ ಏರಿಸಿತು. ಪ್ರಧಾನಿ ಕ್ಯಾಮರೂನ್ ಅವರೇ ಬೇಡ ಎಂದಿದ್ದರು. ಸಂಸ್ಥೆ ಕೇಳಲಿಲ್ಲ. ಜೊತೆಗೇ ಪಿಂಚಣಿಯ ಸವಲತ್ತಿಗೂ ಕತ್ತರಿ ಹಾಕಿತು. 2020ರ ಕೊನೆಯಲ್ಲಿ, ಕೋವಿಡ್ ಕಾಲದಲ್ಲಿ, ಮುಂದಿನ ವರ್ಷಕ್ಕೆಂದು ಯೋಚಿಸಿದ್ದ ಏರಿಕೆಯನ್ನು ತಾನೇ ಕೈಬಿಟ್ಟಿತು. ಎರಡು ಸಲವೂ ಕಾರಣವನ್ನು ಜನರ ಮುಂದಿಟ್ಟಿತು. ನನಗೆ ಬೇಕಾದದ್ದು ಇದು.

ಅಮೆರಿಕದ ವಾಷಿಂಗ್ಟನ್ ರಾಜ್ಯದ ದಾರಿ ನನಗೆ ಇನ್ನೂ ಇಷ್ಟ. 1986ರಿಂದ ಅಲ್ಲಿ ನಾಗರಿಕರ ಆಯೋಗವೇ ಜನಪ್ರತಿನಿಧಿಗಳ ಸಂಬಳ ನಿಗದಿ ಮಾಡುತ್ತದೆ. ಪ್ರತಿ ಸಂಸತ್ ಕ್ಷೇತ್ರದಿಂದ ಒಬ್ಬ ಮತದಾರರನ್ನು ಲಾಟರಿ ಎತ್ತಿ ಆರಿಸುತ್ತಾರೆ. ಅವರ ಜೊತೆ ಬೇರೆ ಬೇರೆ ವೃತ್ತಿಗಳ ಅನುಭವಿಗಳಿರುತ್ತಾರೆ. ತೀರ್ಮಾನಕ್ಕೆ ಶಾಸನಸಭೆಯ ಒಪ್ಪಿಗೆ ಬೇಕಿಲ್ಲ. ಜನರಿಗೆ ಒಪ್ಪಿಗೆಯಾಗದಿದ್ದರೆ ಸಹಿ ಸಂಗ್ರಹಿಸಿ ಮತಕ್ಕೆ ಹಾಕಿಸಬಹುದು.

ನಮ್ಮ ಸಂಸತ್ತು 2018ರಲ್ಲಿ ಅರ್ಧ ದಾರಿ ನಡೆದಿದೆ. ಸಂಸದರ ಸಂಬಳ ಐದು ವರ್ಷಕ್ಕೊಮ್ಮೆ ಹಣದುಬ್ಬರ ಸೂಚ್ಯಂಕದ ಲೆಕ್ಕದಲ್ಲಿ ತಾನಾಗಿಯೇ ಪರಿಷ್ಕರಣೆಯಾಗಬೇಕು ಎಂದು ಕಾಯ್ದೆ ತಿದ್ದಿತು. ಅದರಂತೆ 2025ರಲ್ಲಿ ಒಂದು ಲಕ್ಷ ಇದ್ದದ್ದು 1,24,000 ಆಯಿತು. 2023ರ ಏಪ್ರಿಲ್‌ನಿಂದಲೇ ಅನ್ವಯ. ಏರಿಕೆಗೆ ಒಂದು ಸೂತ್ರ ಸಿಕ್ಕಿತು, ಒಳ್ಳೆಯದೇ. ಆದರೆ ಆ ಒಂದು ಲಕ್ಷ ಸರಿಯೇ ಎಂದು ಹೊರಗಿನವರು ಯಾರೂ ಪರಿಶೀಲಿಸಲಿಲ್ಲ. ಭತ್ಯೆಗಳ ನಿಯಮ ಮಾಡುವುದು ಈಗಲೂ ಸಂಸದರದೇ ಜಂಟಿ ಸಮಿತಿ.

ಇನ್ನು ಸಂವಿಧಾನದ ಮಾತು. ಶಾಸಕರ ಸಂಬಳವನ್ನು ಶಾಸನಸಭೆ ಕಾನೂನಿನ ಮೂಲಕ ನಿರ್ಧರಿಸಬೇಕು ಎಂದು 195ನೇ ವಿಧಿ ಹೇಳುತ್ತದೆ. ಸಂಸದರಿಗೆ 106ನೇ ವಿಧಿ. ಯಾವ ತತ್ವದ ಮೇಲೆ ಲೆಕ್ಕ ಹಾಕಬೇಕು ಎಂದು ಕಾನೂನಿನಲ್ಲೇ ಬರೆದು, ಲೆಕ್ಕ ಹಾಕುವ ಕೆಲಸವನ್ನು ಆಯೋಗಕ್ಕೆ ಕೊಟ್ಟರೆ ಸಂವಿಧಾನ ತಿದ್ದುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ ಬರೀ ಶಿಫಾರಸು ಮಾಡುವ ಆಯೋಗ ಬೇಡವೇ ಬೇಡ. ಹೆಚ್ಚು ಮಾಡಿ ಎಂದರೆ ಒಪ್ಪುತ್ತಾರೆ, ಕಡಿಮೆ ಮಾಡಿ ಎಂದರೆ ವರದಿ ಕಪಾಟು ಸೇರುತ್ತದೆ. ಭತ್ಯೆ, ಪಿಂಚಣಿ ಎರಡೂ ಅದರ ವ್ಯಾಪ್ತಿಗೆ ಬರಲೇಬೇಕು. ಇಲ್ಲದಿದ್ದರೆ ಸಂಬಳದಲ್ಲಿ ತಡೆದದ್ದು ಪ್ರಯಾಣ ಭತ್ಯೆಯ ಹೆಸರಲ್ಲಿ ಹೊರಬರುತ್ತದೆ. ಮತ್ತೊಂದು, ಏರಿಕೆ ಮುಂದಿನ ಚುನಾವಣೆಯ ನಂತರವೇ ಜಾರಿಯಾಗಬೇಕು. ಅಮೆರಿಕದ ಸಂಸತ್ತಿಗೆ ಈ ನಿಯಮ 27ನೇ ತಿದ್ದುಪಡಿಯಾಗಿ ಬಂತು. 1789ರಲ್ಲಿ ಮಂಡಿಸಿದ್ದು 1992ರಲ್ಲಿ ಅಂಗೀಕಾರವಾಯಿತು. ನಾವು ಅಷ್ಟು ಕಾಯಬೇಕಿಲ್ಲ.

ರಾಜಕೀಯ ಸೇವೆ ತಾನೇ? ಕೋಟ್ಯಧಿಪತಿಗಳಿಗೆ ಸಂಬಳ ಯಾಕೆ?

ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸಂಬಳ ನಿಲ್ಲಿಸಿದರೆ ಕೋಟ್ಯಧಿಪತಿ ಹೋಗುವುದಿಲ್ಲ, ಅವನೊಬ್ಬನೇ ಉಳಿಯುತ್ತಾನೆ. ಸಂಸದರಿಗೆ ಸಂಬಳ ಕೊಡಿ ಎಂದು 1838ರಲ್ಲೇ ಕೇಳಿದವರು ಬ್ರಿಟನ್ನಿನ ಕೂಲಿ ಕಾರ್ಮಿಕರು. ದುಡಿದು ತಿನ್ನುವವನು ಕೆಲಸ ಬಿಟ್ಟು ಸದನಕ್ಕೆ ಬರಲು ಬೇರೆ ದಾರಿ ಇರಲಿಲ್ಲ. ಅದು ಜಾರಿಯಾದದ್ದು 1911ರಲ್ಲಿ, ವರ್ಷಕ್ಕೆ 400 ಪೌಂಡ್.

ಶಾಸಕರ ಸಂಬಳಕ್ಕೆ ತೆರಿಗೆ ಇಲ್ಲವಂತೆ?

ಸುಳ್ಳು. ಸಂಬಳಕ್ಕೆ ಆದಾಯ ತೆರಿಗೆ ಇದೆ. ದಿನಭತ್ಯೆಯಂಥ ಕೆಲವು ಭತ್ಯೆಗಳಿಗೆ ಮಾತ್ರ ವಿನಾಯಿತಿ.

ಸಂಸತ್ ಕ್ಯಾಂಟೀನಿನ ಅಗ್ಗದ ಊಟ ನಿಲ್ಲಿಸೋದು ಯಾವಾಗ?

ಅದರ ಸಬ್ಸಿಡಿ 2021ರಲ್ಲೇ ನಿಂತಿದೆ. ಆ ಹಳೆಯ ದರಪಟ್ಟಿ ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ.

ಕೋರ್ಟಿನಲ್ಲಿ ಕೇಸು ಹಾಕಿ ಪಿಂಚಣಿ ರದ್ದು ಮಾಡಿಸುತ್ತೇವೆ ಎಂದು ಒಬ್ಬರು ಹಣ ಕೇಳುತ್ತಿದ್ದಾರೆ. ಕೊಡಲೇ?

ಒಂದು ರೂಪಾಯಿಯನ್ನೂ ಕೊಡಬೇಡಿ. ಮಾಜಿ ಸಂಸದರ ಪಿಂಚಣಿಯನ್ನು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2018ರಲ್ಲೇ ವಜಾ ಮಾಡಿದೆ. ಇದು ಕಾನೂನು ಮಾಡುವವರಿಗೆ ಬಿಟ್ಟ ವಿಷಯ ಎಂದಿದೆ. ಆ ಸಮಯವನ್ನು ನಿಮ್ಮ ಶಾಸಕರಿಗೆ ಪತ್ರ ಬರೆಯಲು ಬಳಸಿ. ಆಯೋಗದ ಮಸೂದೆ ಬಂದರೆ ಪರವಾಗಿ ಮತ ಹಾಕುತ್ತೀರಾ ಎಂದು ನೇರವಾಗಿ ಕೇಳಿ, ಉತ್ತರ ಬರಹದಲ್ಲೇ ಬೇಕು ಎಂದು ಹೇಳಿ.