ಸಂಜೆ ಆರರಿಂದ ಒಂಬತ್ತು: ಮನೇಲಿದ್ದೇ ಕುಡಿತ ಬಿಡೋ ಚಿಕಿತ್ಸೆ

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾರ, ಶರಣ್ರಿ. ನಮ್ದು ಗಂಗಾವತಿ ಹತ್ರ ಒಂದು ಕ್ಯಾಂಪು. ನಮ್ಮ ಮನೆಯವ್ರು ರೈಸ್ ಮಿಲ್ಲಿನ್ಯಾಗ ಆಪರೇಟರ್ ಅದಾರ, ವಯಸ್ಸು 41. ಹತ್ತು ವರ್ಷದಿಂದ ಕುಡಿತಾರ, ಈಗ ದಿನಾ ಮೂರು ಕ್ವಾರ್ಟರ್ ಬೇಕು, ಮುಂಜಾನೆ ಎದ್ದ ಕೂಡ್ಲೆ ಕೈ ನಡುಗ್ತಾವು, ಸ್ವಲ್ಪ ಹಾಕ್ಕೊಂಡ್ರನ ನಿಲ್ತಾವು. ಹೋದ ವರ್ಷ ಸಾಲ ಮಾಡಿ ಒಂದು ಸೆಂಟರ್‌ನ್ಯಾಗ ಮೂರು ತಿಂಗ್ಳು ಬಿಟ್ಟಿದ್ವಿ, ಅಲ್ಲಿ ಬಾಗ್ಲಾ ಹಾಕಿ ಇಟ್ಟಿದ್ರಂತ, ಬಂದ ಹನ್ನೆರಡನೇ ದಿನಕ್ಕ ಮತ್ತ ಕುಡದ್ರು. ಈಗ ತಾವಾಗೇ ಬಿಡ್ತೀನಿ ಅಂತಾರ ಆದ್ರ ತಿಂಗ್ಳಗಟ್ಲೆ ಒಳಗ ಇರಂಗಿಲ್ಲ, ಕೆಲ್ಸ ಹೋಗ್ತೈತಿ ಅಂತಾರ. ಡಾಕ್ಟ್ರು, ಮೊದಲ ಐದಾರು ದಿನ ಅಡ್ಮಿಟ್ ಆಗ್ಲಿ, ಆಮ್ಯಾಲೆ ಮನ್ಯಾಗಿದ್ದು ವಾರಕ್ಕ ಮೂರು ದಿನ ಬಂದು ಹೋಗ್ಲಿ ಅಂದಾರ. ವೈನ್ ಶಾಪು ಮಿಲ್ಲಿಂದ ಮನಿಗೆ ಬರೋ ದಾರ್ಯಾಗನ ಐತಿ. ಮನ್ಯಾಗಿದ್ದು ಹೆಂಗ ಬಿಡ್ತಾರ? ನಮ್ಮತ್ತಿ ಹುಲಿಗಿಗೆ ಕರ್ಕೊಂಡ್ ಹೋಗಿ ಆಣಿ ಮಾಡ್ಸು ಅಂತಾರ, ಪಕ್ಕದ ಮನಿಯಾಕಿ ಊಟದಾಗ ಕಲಸೋ ಪುಡಿ ತರಸ್ಲೇನು ಅಂತಾಳ. ಏನ್ ಮಾಡ್ಲಿ ಹೇಳ್ರಿ.

ಉತ್ತರ: ತಂಗಿ, ಮೊದ್ಲು ಆ ಪುಡಿ ಮಾತು. ತರಸಬ್ಯಾಡ. ಅದರೊಳಗ ಏನದ ಅಂತ ಮಾರೋನೇ ಹೇಳಂಗಿಲ್ಲ. ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ನಿಜಕ್ಕೂ ಅದ, ಅದನ್ನ ತೊಗೊಂಡು ಮ್ಯಾಲೆ ಕುಡದ್ರ ಮುಖ ಕೆಂಪಾಗಿ ವಾಂತಿ, ಎದೆ ಡವಡವ, ಬಿಪಿ ಇಳಿಯೋದು ಎಲ್ಲಾ ಆಗ್ತದ, ಕೆಲವರಿಗೆ ಜೀವಕ್ಕೇ ಅಪಾಯ. ಮಾತ್ರೆ ನಿಲ್ಲಿಸಿದ ಮ್ಯಾಲೂ ಎರಡು ವಾರದ ತನಕ ಅದರ ಪ್ರಭಾವ ಇರಬಹುದು. ಅದಕ್ಕ ಡಾಕ್ಟ್ರು ಅದನ್ನ ಕೊಡೋದು ಕುಡಿಯೋರಿಗೆ ಎಲ್ಲಾ ತಿಳಿಸಿ, ಅವ್ರು ಹೂಂ ಅಂದ ಮ್ಯಾಲೆ. ಗಂಡನಿಗೆ ಗೊತ್ತಿಲ್ಲದಂಗ ಸಾರಿನ್ಯಾಗ ಕಲಸಿದ್ರ, ಒಂದಿನ ಮಿಲ್ಲಿನ ಮುಂದ ಬಿದ್ದಾಗ ಯಾಕ ಬಿದ್ರು ಅಂತ ಆಸ್ಪತ್ರೆಯವ್ರಿಗೂ ತಿಳಿಯಂಗಿಲ್ಲ.

ಇನ್ನ ನಿಮ್ಮ ಡಾಕ್ಟ್ರು ಹೇಳಿದ್ದು ಸರಿಯಾದ ದಾರಿ, ಅದನ್ನ ಎರಡು ಭಾಗ ಮಾಡಿ ತಿಳ್ಕೋ. ಮುಂಜಾನೆ ಕೈ ನಡುಗಿ ಒಂದು ಗುಟುಕಿಗೆ ನಿಲ್ತಾವು ಅಂದ್ರ ದೇಹ ಆ ಎಣ್ಣಿಗೇ ಒಗ್ಗಿಹೋಗ್ಯದ, ಒಮ್ಮೆಲೇ ನಿಲ್ಲಿಸಿದ್ರ ತಿರುಗಿ ಬೀಳ್ತದ. ಕೊನೇ ಗುಟುಕು ಇಳಿದ ಆರು ತಾಸಿನಿಂದನ ನಡುಕ, ಬೆವರು, ನಿದ್ದಿ ಇಲ್ಲದ್ದು ಸುರು ಆಗ್ತದ, ಮೊದಲ ಎರಡು ದಿನದಾಗ ಫಿಟ್ಸ್ ಬರಬಹುದು, ಎರಡರಿಂದ ನಾಕನೇ ದಿನದಾಗ ಇಲ್ಲದ್ದು ಕಾಣೋದು, ಮನ್ಯಾಗ ಇದ್ರೂ ಮನಿಗೆ ಹೋಗ್ತೀನಿ ಅಂತ ಏಳೋದು, ಇಂಥ ಸನ್ನಿ ಬರಬಹುದು. ಆ ದಿನಗಳಿಗೇ ಅಡ್ಮಿಟ್ ಬೇಕಾಗೋದು. ಅಲ್ಲಿ ನಡುಕಕ್ಕ ಮಾತ್ರೆ ಕೊಟ್ಟು ದಿನದಿನಕ್ಕೂ ಕಡಿಮೆ ಮಾಡ್ತಾರ, ಥಯಾಮಿನ್ ಅಂದ್ರ ಬಿ1 ಇಂಜೆಕ್ಷನ್ ಹಾಕ್ತಾರ. ಊಟ ಬಿಟ್ಟು ಕುಡಿಯೋರ ಮೈಯಾಗ ಅದು ಬತ್ತಿರ್ತದ, ಅದಿಲ್ಲದ್ರ ಮೆದುಳಿಗೇ ಪೆಟ್ಟು. ಮನಿಗೆ ಯಾರನ್ನೋ ಕರ್ಸಿ ಬರೀ ಗ್ಲೂಕೋಸ್ ಬಾಟ್ಲಿ ಹಾಕಸೋರು ನಮ್ಮ ಕಡೆ ಬಹಳ ಮಂದಿ ಅದಾರ, ಹಂಗ ಮಾಡಬ್ಯಾಡ, ಬಿ1 ಇಲ್ಲದ ಬರೀ ಗ್ಲೂಕೋಸ್ ಇಂಥವ್ರಿಗೆ ತ್ರಾಸು ಹೆಚ್ಚು ಮಾಡಬಹುದು.

ಹುಲಿಗಿಗೆ ಹೋಗ್ರಿ, ನಾನು ಬ್ಯಾಡ ಅನ್ನಂಗಿಲ್ಲ, ಹುಲಿಗೆಮ್ಮನ ಮುಂದ ನಿಂತಾಗ ಬರೋ ಧೈರ್ಯ ಮಾತ್ರೆಯಿಂದ ಬರಂಗಿಲ್ಲ. ಆದ್ರ ಅಡ್ಮಿಟ್ ಆಗಿ ಬಂದ ಮ್ಯಾಲೆ ಹೋಗ್ರಿ. ಮಂಗಳವಾರ ಆಣಿ ಮಾಡಿ ಅವತ್ತೇ ಒಮ್ಮೆಲೇ ಬಿಟ್ಟು ಗುರುವಾರ ಫಿಟ್ಸ್ ಬಂದು ಬಿದ್ದೋರನ್ನ ನಾನು ಕಂಡೀನಿ, ಮನೆಯವ್ರು ಅಮ್ಮ ಮುನಿದಾಳ ಅಂತ ತಿಳ್ಕೊಂಡು ಆಸ್ಪತ್ರೆಗೆ ತಡ ಮಾಡಿದ್ರು.

ಈಗ ಎರಡನೇ ಭಾಗ, ಮನ್ಯಾಗಿದ್ದು ಬಂದು ಹೋಗೋದು. ಇದೇನು ಅಗ್ಗದ ಚಿಕಿತ್ಸೆ ಅಲ್ಲ, ಅರ್ಧ ಚಿಕಿತ್ಸೆನೂ ಅಲ್ಲ. ಅಮೆರಿಕಾದಾಗ ಇದಕ್ಕ ಇಂಟೆನ್ಸಿವ್ ಔಟ್‌ಪೇಷಂಟ್ ಅಂತಾರ, ದೊಡ್ಡವರಿಗೆ ವಾರಕ್ಕ ಕಡಿಮೆ ಅಂದ್ರ 9 ತಾಸು, ಅಂದ್ರ ಮೂರು ದಿನ ಮೂರು ಮೂರು ತಾಸು ಅಂತ ಲೆಕ್ಕ ಇಟ್ಟಾರ. 1980ರ ದಶಕದಾಗ ಲಾಸ್ ಏಂಜಲಿಸ್ ಕಡೆ ಕಟ್ಟಿದ ಮ್ಯಾಟ್ರಿಕ್ಸ್ ಅನ್ನೋ ಪದ್ಧತಿ 16 ವಾರದ್ದು. ಆ ಮೂರು ತಾಸಿನ್ಯಾಗ ಗುಂಪಿನ್ಯಾಗ ಕೂತು ಮಾತಾಡೋದು, ಒಬ್ರೇ ಕೌನ್ಸೆಲರ್ ಮುಂದ ಕೂಡೋದು, ಮನೆಯವ್ರನ್ನ ಕರ್ಸೋದು, ಉಸಿರು ಇಲ್ಲಾ ಮೂತ್ರ ಪರೀಕ್ಷೆ, ಮಾತ್ರೆ ವಿಚಾರಣೆ ಇವೆಲ್ಲಾ ಇರ್ತಾವು. ನಮ್ಮ ಕಡೆ ಆ ಹೆಸರಿನ ಬೋರ್ಡ್ ಹುಡುಕ್ಕೋತ ಹೋಗಬ್ಯಾಡ, ನಿಮ್ಮ ಡಾಕ್ಟ್ರು ಹೇಳಿದ ಮೂರು ದಿನ ಅಂದ್ರ ಅದೇ ಲೆಕ್ಕ. ದುಡ್ಡಿನ ತ್ರಾಸಿದ್ರ ಸರ್ಕಾರಿ ಆಸ್ಪತ್ರೆಗೆ ಹೋಗ್ರಿ: ಕೊಪ್ಪಳದ ಕಿಮ್ಸ್, ರಾಯಚೂರಿನ ರಿಮ್ಸ್, ಬಳ್ಳಾರಿಯ ಮೆಡಿಕಲ್ ಕಾಲೇಜು (ಮಂದಿ ಇನ್ನೂ ವಿಮ್ಸ್ ಅಂತನ ಅಂತಾರ), ಇಲ್ಲೆಲ್ಲಾ ಮನೋವೈದ್ಯರ ಓಪಿಡಿ ಅದ, ಚಾರ್ಜು ಕಡಿಮೆ. ಇನ್ನೊಂದು ಹೆಮ್ಮೆಯಿಂದ ಹೇಳ್ತೀನಿ, ಮನಸ್ಸಿನ ಚಿಕಿತ್ಸೆನ ಜನ ಇದ್ದಲ್ಲಿಗೇ ಒಯ್ಯಬೇಕು ಅನ್ನೋ ಪ್ರಯೋಗನ ನಿಮ್ಹಾನ್ಸ್‌ನವ್ರು 1985ರಿಂದ 1990ರ ತನಕ ನಮ್ಮ ಬಳ್ಳಾರಿ ಜಿಲ್ಲಾದಾಗನ ಮಾಡಿದ್ದು, 1996ರಾಗ ದೇಶಕ್ಕೆಲ್ಲಾ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕ ಅದೇ ಬುನಾದಿ.

ನೀ ಕೇಳಿದ್ದು ವೈನ್ ಶಾಪು ದಾರ್ಯಾಗನ ಐತಿ, ಹೆಂಗ ಅಂತ. ಅದಕ್ಕನ ಈ ಚಿಕಿತ್ಸೆ. ಆ ಸೆಂಟರ್‌ನ್ಯಾಗ ಮೂರು ತಿಂಗ್ಳು ಅವ್ರು ಕುಡೀಲಿಲ್ಲ ಅಂದ್ರ ಬಿಟ್ಟಿದ್ರು ಅಂತ ಅಲ್ಲ, ಸಿಗಲಿಲ್ಲ ಅಷ್ಟ. ಅಲ್ಲಿ ಬಟವಾಡೆ ಇದ್ದಿಲ್ಲ, ಗೆಳೆಯರಿದ್ದಿಲ್ಲ, ಮಿಲ್ ಬಿಟ್ಟು ಬರೋ ದಾರಿ ಇದ್ದಿಲ್ಲ. ಹೊರಗ ಬಂದ ದಿನ ಎಲ್ಲಾ ಒಮ್ಮೆಲೇ ಮುಂದ ಬಂದು ನಿಂತ್ವು, ಜೊತೆಗೆ ಹೇಳೋರು ಯಾರೂ ಇದ್ದಿಲ್ಲ. ಮನ್ಯಾಗಿದ್ದು ಚಿಕಿತ್ಸೆ ತೊಗೊಂಡ್ರ ಸೋಮವಾರ ಆ ದಾರಿ ದಾಟೋದು, ಮಂಗಳವಾರ ಕೌನ್ಸೆಲರ್ ಮುಂದ ಹೆಂಗ ದಾಟಿದೆ, ಎಲ್ಲಿ ಕಾಲು ಎಳೀತು ಅಂತ ಹೇಳೋದು, ಬುಧವಾರ ಮತ್ತ ದಾಟೋದು. ಈಜೋದನ್ನ ಬಾವಿಯಾಗನ ಕಲೀಬೇಕು, ಕಟ್ಟಿ ಮ್ಯಾಲೆ ಕೂತು ಕಲ್ತೋರಿಲ್ಲ.

ಇದೆಲ್ಲಾದರಾಗ ನನಗ ಬಹಳ ಮುಖ್ಯ ಅನ್ಸೋದು ಸಂಜೆ ಆರರಿಂದ ಒಂಬತ್ತು. ಕುಡಿಯೋರ ಮನಿಯಾಗ ಆ ಮೂರು ತಾಸಿನ ರುಚಿನ ಬ್ಯಾರೆ. ಸಿಂಧನೂರು ಕಡೆ ಒಬ್ರು ಟ್ರ್ಯಾಕ್ಟರ್ ಡ್ರೈವರ್ ಇದ್ರು, ಹೀಂಗ ಮನ್ಯಾಗಿದ್ದೇ ಚಿಕಿತ್ಸೆ ತೊಗೊಂಡೋರು. ಮೊದಲ ವಾರ ಅವ್ರ ಮನಿಗೆ ಹೋಗಿದ್ದೆ, ಆರೂವರಿ ಆಗಿತ್ತು. ಪಡಸಾಲ್ಯಾಗ ಕೂತೋರು ಎದ್ದು ಬಾಗಿಲಿಗೆ ಬರ್ತಾರ, ಚಪ್ಪಲಿ ಮ್ಯಾಲೆ ಕಾಲಿಡ್ತಾರ, ಮತ್ತ ತೆಗೀತಾರ, ಹೋಗಿ ಕೂಡ್ತಾರ. ಚಾ ಕೊಟ್ರ ಕಪ್ಪು ಬಸಿ ಮ್ಯಾಲೆ ಟಕಟಕ ಅಂತಿತ್ತು. ಅವ್ರ ಹೆಂಡ್ತಿ ಏನೂ ಅನ್ಲಿಲ್ಲ, ಒಂದು ಮೊರದ ತುಂಬ ಶೇಂಗಾ ತಂದು ಮುಂದಿಟ್ಟು ತಾನೂ ಕೂತು ಸುಲಿಯಾಕ ಹತ್ತಿದ್ಳು. ಅವ್ರೂ ಸುಲಿದ್ರು. ಇಪ್ಪತ್ತು ನಿಮಿಷ ಆದ್ಮ್ಯಾಲೆ ಬೆವರು ಆರಿತ್ತು. ಕುಡೀಬೇಕು ಅನ್ನೋ ಆ ತಲುಬು ಹಂಗನ, ಬರ್ತದ, ಏರ್ತದ, ಬಹಳಷ್ಟು ಸಲ ಅರ್ಧ ತಾಸಿನೊಳಗ ಇಳೀತದ, ಅಷ್ಟೊತ್ತು ಕೈಗೊಂದು ಕೆಲಸ, ಹೊಟ್ಟಿಗೊಂದಿಷ್ಟು ಬೇಕು. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಕು ಇದ್ದಾಗ ಅದು ಜೋರಾಗ್ತದ ಅಂತ ಗುಂಪಿನ್ಯಾಗ ಹೇಳಿಕೊಡ್ತಾರ. ಅದಕ್ಕ ಮಿಲ್ಲಿಂದ ಬಂದ ಕೂಡ್ಲೆ ರೊಟ್ಟಿ ಹಾಕು, ಒಂಬತ್ತಕ್ಕ ಊಟ ಅಂತ ಕಾಯಬ್ಯಾಡ. ಮೊದಲ ಎರಡು ತಿಂಗ್ಳು ಮಿಲ್ಲಿಂದ ಕಾಲುವೆ ದಂಡಿ ಹಿಡಿದು ಬರ್ಲಿ, ಒಂದು ಕಿಲೋಮೀಟರ್ ಹೆಚ್ಚಾದ್ರೂ ಆಗ್ಲಿ. ಬಟವಾಡೆ ದಿನ ಮಗನೋ ತಮ್ಮನೋ ಮಿಲ್ಲಿನ ಗೇಟಿಗೆ ಹೋಗಿ ಕರ್ಕೊಂಡ್ ಬರ್ಲಿ, ಪಗಾರ ನಿನ್ನ ಅಕೌಂಟಿಗೆ ಬರೋಹಂಗ ಅವ್ರೇ ಬರ್ಕೊಟ್ರ ಇನ್ನೂ ಚೊಲೋ, ನೀ ಕಸ್ಕೊಳ್ಳೋದಲ್ಲ ಮತ್ತ.

ಹಂಗಂತ ನೀ ಪೊಲೀಸ್ ಆಗಬ್ಯಾಡ ತಂಗಿ. ದಿನಾ ಬಾಯಿ ಮೂಸೋದು, ಕಿಸೆ ತಡವೋದು, ಇದರಿಂದ ಇಬ್ರಿಗೂ ಉಸಿರು ಕಟ್ತದ. ಪರೀಕ್ಷೆ ಮಾಡೋದು ಆಸ್ಪತ್ರೆಯವ್ರ ಕೆಲ್ಸ. ನಿನ್ನ ಕೆಲ್ಸ, ಮನ್ಯಾಗ ಬಾಟ್ಲಿ ಇಲ್ಲದಂಗ ನೋಡ್ಕೊಳ್ಳೋದು, ಮನೆಯವ್ರ ಮೀಟಿಂಗ್ ಇದ್ದ ದಿನ ತಪ್ಪಿಸದಂಗ ಹೋಗೋದು, ನಿನ್ನ ನಿದ್ದಿ ನೀ ಮಾಡೋದು. ಒಂದಿನ ಎಡವಿ ಕುಡದು ಬಂದ್ರ ಆ ರಾತ್ರಿ ಜಗಳಕ್ಕ ನಿಲ್ಲಬ್ಯಾಡ, ಮಾತಾಡಿದ್ದು ಒಂದೂ ತಲೀಗೆ ಹೋಗಂಗಿಲ್ಲ, ಮರುದಿನ ಡಾಕ್ಟ್ರಿಗೆ ಫೋನ್ ಮಾಡಿ ಅವತ್ತೇ ಕರ್ಕೊಂಡ್ ಹೋಗು. ಎಡವಿದ್ದು ತಿಳಿದ್ರ ಬೈತಾರ ಅಂತ ಮೂರು ದಿನ ಮುಚ್ಚಿಟ್ರ ಅದೇ ಮೂರು ತಿಂಗ್ಳಾಗ್ತದ. ಕೈ ಎತ್ತಿದ್ರ ಮಾತ್ರ ಬ್ಯಾರೆ ಲೆಕ್ಕ, ಮಕ್ಕಳನ್ನ ಕರ್ಕೊಂಡು ಹೊರಗ ಬಾ, 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಫೋನ್ ಮಾಡು, ಚಿಕಿತ್ಸೆ ಕೆಡ್ತದ ಅಂತ ಸಹಿಸ್ಕೊಂಡು ಕೂಡಬ್ಯಾಡ. ಹಿಂದ ಫಿಟ್ಸ್ ಬಂದಿದ್ರ, ಸಾಯ್ತೀನಿ ಅನ್ನೋ ಮಾತಾಡ್ತಿದ್ರ, ಮನ್ಯಾಗ ಇನ್ನೊಬ್ರು ದಿನಾ ಕುಡಿಯೋರಿದ್ರ ಅದನ್ನೂ ಡಾಕ್ಟ್ರ ಮುಂದ ಹೇಳು, ಆಗ ಮನೀ ಚಿಕಿತ್ಸೆ ಸಾಲಂಗಿಲ್ಲ.

ನಾ ಸರಿ ಇದ್ದಿದ್ರ ಕುಡೀತಿದ್ದಿಲ್ಲೇನೋ ಅಂತ ನಿನಗ ಅನ್ಸಿರ್ತದ, ಬರೀದಿದ್ರೂ ನನಗ ಗೊತ್ತು. 2007ರ ಜುಲೈ 1ಕ್ಕ ಸಾರಾಯಿ ಬಂದ್ ಆತು, ಅದರ ಜಾಗಕ್ಕ ಬ್ರಾಂಡಿ, ವಿಸ್ಕಿ ಸಣ್ಣ ಪ್ಯಾಕೆಟ್ ಬಂದ್ವು, ಕುಡಿತ ನಿಲ್ಲಲಿಲ್ಲ. 2019ರ ಜನವರಿಯಾಗ ಚಿತ್ರದುರ್ಗದಿಂದ ಬೆಂಗಳೂರಿನ ತನಕ ಮದ್ಯ ನಿಷೇಧ ಮಾಡ್ರಿ ಅಂತ ಹೆಣ್ಮಕ್ಕಳು ನಡದ್ರಲ್ಲ, ಅದರಾಗ ರಾಯಚೂರು ಕಡೆ ತಾಯಂದಿರು ಎಷ್ಟೋ ಮಂದಿ ಇದ್ರು, ಅವ್ರೆಲ್ಲಾ ನಿನ್ನಂಗ ಮನಿ ನಡೆಸೋರೇ. ತಪ್ಪು ನಿಂದಲ್ಲ.

ಪ್ರಶ್ನೆ: ನಮ್ಮಪ್ಪಗ 58, ರಾಯಚೂರು ತಾಲೂಕು, ವರ್ಷಾನುಗಟ್ಲೆ ಸೇಂದಿ ಕುಡಿತಾನ, ಅದ್ರಾಗ ಸಿ.ಎಚ್. ಪೌಡರ್ ಹಾಕ್ತಾರ ಅಂತ ಎಲ್ಲರಿಗೂ ಗೊತ್ತು. ರೇಡ್ ಆಗಿ ಮೂರು ದಿನ ಸೇಂದಿ ಸಿಕ್ಕಿಲ್ಲ, ಈಗ ಗೋಡಿ ಮ್ಯಾಲೆ ಹುಳ ಹರೀತಾವ ಅಂತ ಕೈಲೆ ಹೊಡಿತಾನ, ನಮ್ಮನ್ನ ಗುರುತು ಹಿಡಿಯಲ್ಲ. ಗಾಳಿ ಸೋಕ್ಯಾದ ಅಂತ ದೊಡ್ಡಪ್ಪ ಅಂತಾನ. ಮನ್ಯಾಗೇ ಬಿಡಿಸೋ ಚಿಕಿತ್ಸೆ ಏನರ ಅದ?

ಉತ್ತರ: ತಮ್ಮಾ, ನಿನ್ನ ಪತ್ರ ಓದಿದ ಕೂಡ್ಲೆ ಫೋನ್ ಮಾಡಿ ಹೇಳಿದ್ದನ್ನ ಬ್ಯಾರೆಯವ್ರಿಗೂ ತಿಳೀಲಿ ಅಂತ ಇಲ್ಲಿ ಬರೀತೀನಿ. ಇದು ಗಾಳಿ ಅಲ್ಲ. ಸಿ.ಎಚ್. ಅಂದ್ರ ಕ್ಲೋರಲ್ ಹೈಡ್ರೇಟ್, ಅಮಲು ಏರಿಸೋ ರಾಸಾಯನಿಕ, ದಿನಾ ಕುಡಿದೋರಿಗೆ ಅದು ಒಮ್ಮೆಲೇ ತಪ್ಪಿದ್ರ ಫಿಟ್ಸ್, ಸನ್ನಿ, ಇಲ್ಲದ್ದು ಕಾಣೋದು ಎಲ್ಲಾ ಬರ್ತದ, ಜೀವ ಹೋಗಬಹುದು. ಇಂಥ ಹೊತ್ತಿನ್ಯಾಗ ಮನೀ ಚಿಕಿತ್ಸೆ ಮಾತೇ ಇಲ್ಲ, 108ಕ್ಕ ಫೋನ್ ಮಾಡಿ ರಿಮ್ಸ್‌ಗೆ ಒಯ್ಯಬೇಕು, ಏನ್ ಕುಡಿತಿದ್ರು, ಕೊನೆಗೆ ಯಾವಾಗ ಕುಡದ್ರು ಅಂತ ನಾಚ್ಕೊಳ್ದೆ ಹೇಳಬೇಕು. ಮತ್ತ ಸೇಂದಿ ತಂದು ಕುಡಿಸಿ ಸುಮ್ಮನ ಮಾಡೋದು ಬ್ಯಾಡ. ಅಪ್ಪ ಚೇತರಿಸ್ಕೊಂಡು ಮನಿಗೆ ಬಂದ ಮ್ಯಾಲೆ ಓಪಿಡಿಗೆ ತಪ್ಪದಂಗ ಕರ್ಕೊಂಡ್ ಹೋಗೋದು ನಿನ್ನ ಪಾಲಿನ ಕೆಲ್ಸ.

ಪ್ರಶ್ನೆ: ನಾನು ತೋರಣಗಲ್ಲು ಕಡೆ ಫ್ಯಾಕ್ಟರೀಲಿ ಶಿಫ್ಟ್ ಕೆಲ್ಸ, ವಯಸ್ಸು 29. ನೈಟ್ ಶಿಫ್ಟ್ ಮುಗಿಸಿ ಕುಡಿದ್ರೇನೆ ನಿದ್ದೆ, ಈಗ ರಜಾ ದಿನ ಮಧ್ಯಾಹ್ನಾನೇ ಶುರು ಆಗ್ತಿದೆ. ನಡುಕ ಏನಿಲ್ಲ. ಅಡ್ಮಿಟ್ ಆಗ್ದೆ ಚಿಕಿತ್ಸೆ ತಗೋಬಹುದಾ, ಕಂಪನಿಗೆ ಗೊತ್ತಾಗುತ್ತಾ?

ಉತ್ತರ: ನೀವು ಕೇಳಿದ ಹೊತ್ತು ಸರಿಯಾದ ಹೊತ್ತು. ನಡುಕ, ಫಿಟ್ಸ್ ಇಲ್ಲದೋರಿಗೆ ಮನ್ಯಾಗಿದ್ದು ಚಿಕಿತ್ಸೆ ಬಹಳ ಹೊಂದ್ತದ, ಆದ್ರ ಅದನ್ನ ಡಾಕ್ಟ್ರು ನೋಡಿ ಹೇಳಬೇಕು, ನೀವಾಗೇ ಅಲ್ಲ. ಶಿಫ್ಟಿನ ಚಾರ್ಟ್ ಕೈಯಾಗ ಹಿಡ್ಕೊಂಡೇ ಹೋಗ್ರಿ, ಬರೋ ದಿನಗಳನ್ನ ಅದರ ಮ್ಯಾಲೆ ಗುರುತು ಮಾಡಿಸ್ಕೊಳ್ರಿ. ನಿದ್ದಿ ಮಾತ್ರೆ ಮೆಡಿಕಲ್ ಶಾಪಿನಿಂದ ತೊಗೊಂಡು ಅದರ ಮ್ಯಾಲೆ ಕುಡಿಯೋದು ಮಾತ್ರ ಯಾವತ್ತೂ ಬ್ಯಾಡ, ಉಸಿರೇ ನಿಲ್ಲಬಹುದು. ತಲುಬು ಇಳಿಸೋಕೆ ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್ ಅನ್ನೋ ಮಾತ್ರೆ ಅದಾವು, ಲಿವರ್, ಕಿಡ್ನಿ ರಕ್ತಪರೀಕ್ಷೆ ನೋಡಿ ಯಾವ್ದು ಅಂತ ಡಾಕ್ಟ್ರು ನಿರ್ಧಾರ ಮಾಡ್ತಾರ.

ಕಂಪನಿ ವಿಷಯಕ್ಕ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಒಳಗ ಕುಡಿತದ ತೊಂದ್ರೆನೂ ಬರ್ತದ, ನಿಮ್ಮ ಚಿಕಿತ್ಸೆ ಗುಟ್ಟಾಗಿ ಉಳೀಬೇಕು ಅನ್ನೋದು ಅದರಾಗ ನಿಮ್ಮ ಹಕ್ಕು. ಆಸ್ಪತ್ರೆಯವ್ರು ತಾವಾಗೇ ಫ್ಯಾಕ್ಟರಿಗೆ ಫೋನ್ ಮಾಡಿ ಹೇಳಂಗಿಲ್ಲ. ಇವತ್ತು ರಾತ್ರಿನೇ ಯಾರಿಗಾದ್ರೂ ಹೇಳ್ಕೋಬೇಕು ಅನ್ಸಿದ್ರ ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ದಿನಪೂರ್ತಿ ಇರ್ತದ, ಕನ್ನಡದಾಗ ಮಾತಾಡ್ತಾರ, ದುಡ್ಡಿಲ್ಲ. ವ್ಯಸನಕ್ಕಂತಲೇ ಇರೋ ನಂಬರ್ 14446. ಶಿಫ್ಟ್ ಮುಗಿಸಿ ರೂಮಿಗೆ ಬರೋ ಹೊತ್ತಿಗೆ ಉಪ್ಪಿಟ್ಟೋ ಒಗ್ಗರಣೆಯೋ ಏನರ ತಿಂದು, ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ ಕತ್ತಲ ಮಾಡಿ ಮಲಗಿ ನೋಡ್ರಿ, ನಿದ್ದಿ ಬರದಿದ್ರ ಎಷ್ಟೊತ್ತಿಗೆ ಬರಲಿಲ್ಲ ಅಂತ ಚೀಟಿ ಮ್ಯಾಲೆ ಬರ್ಕೊಳ್ರಿ, ಆ ಚೀಟಿ ಡಾಕ್ಟ್ರಿಗೆ ಬೇಕಾಗ್ತದ.